ಹೆಸರಿಟ್ಟವರು ಯಾರು? ಅಮೆರಿಕದ ನಕ್ಷೆಯಲ್ಲಿನ ಸ್ಪ್ಯಾನಿಷ್ ಊರುಗಳು

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊರ ಹೆಸರುಗಳ ಬಗ್ಗೆ ಮಾತು ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಅದರ ಅರ್ಥ ಏನು?" ಅಂತ. ಹೇಳಬಹುದು. ಲಾಸ್ ಗಾಟೋಸ್ ಅಂದರೆ ಬೆಕ್ಕುಗಳು. ಪಾಲೊ ಆಲ್ಟೊ ಅಂದರೆ ಎತ್ತರದ ಮರ. ಮಿಲ್ಪಿಟಾಸ್ ಅಂದರೆ ಚಿಕ್ಕ ಮೆಕ್ಕೆಜೋಳದ ಹೊಲಗಳು. ನೆವಾಡಾ ಅಂದರೆ ಹಿಮ ಮುಚ್ಚಿದ್ದು. ಹೀಗೆ ಐದು ನಿಮಿಷದಲ್ಲಿ ಪಟ್ಟಿ ಓದಿ ಮುಗಿಸಬಹುದು. ಆದರೆ ಓದಿ ಮುಗಿಸಿದ ಮೇಲೆ ಕೈಗೆ ಸಿಕ್ಕಿದ್ದು ಅಷ್ಟಕ್ಕಷ್ಟೇ. ಇಡೀ ಅಮೆರಿಕದಲ್ಲಿ ಅತಿ ಕಡಿಮೆ ಮಳೆ ಬೀಳುವ ರಾಜ್ಯಕ್ಕೆ ಹಿಮದ ಹೆಸರು ಯಾಕೆ ಬಂತು? ನಿಘಂಟು ಹೇಳುವುದಿಲ್ಲ. ಯಾರು ಇಟ್ಟರು, ಯಾವ ವರ್ಷ, ಅವರಿಗೆ ಏನು ಗರಜಿತ್ತು ಅಂತ ಹುಡುಕಿದರೆ ಮಾತ್ರ ಕತೆ ಬಿಚ್ಚಿಕೊಳ್ಳುತ್ತದೆ. ಇವತ್ತು ನಾನು ಹಿಡಿದಿರುವ ಎಳೆ ಇಷ್ಟೇ. ಸ್ಪ್ಯಾನಿಷ್ ಹೆಸರು ಕಂಡ ಕಡೆಯೆಲ್ಲ ಸ್ಪೇನಿನವರು ಇಟ್ಟದ್ದು ಅಂದುಕೊಳ್ಳುವುದು ಬೇಡ. ಪಾದ್ರಿ, ಸಿಪಾಯಿ, ಮೆಕ್ಸಿಕೋದ ಜಮೀನ್ದಾರ, ವಾಷಿಂಗ್ಟನ್ನಿನ ಕಾಂಗ್ರೆಸ್ ಸದಸ್ಯ, ಸೈಟು ಮಾರುವವ, ಎಲ್ಲರೂ ಈ ನಕ್ಷೆಗೆ ಕೈ ಹಾಕಿದ್ದಾರೆ.

ನಮ್ಮ ಸುತ್ತಮುತ್ತಲಿಂದಲೇ ಶುರು ಮಾಡೋಣ. ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾಂಟಾ ಕ್ಲಾರಾ, ಲಾಸ್ ಏಂಜಲಿಸ್. ಈ ಮೂರೂ ಹೆಸರುಗಳ ತವರು ಒಂದೇ ಊರು, ಅದೂ ಸ್ಪೇನಿನಲ್ಲಿಲ್ಲ, ಇಟಲಿಯ ಅಸ್ಸಿಸಿ. ಸಂತ ಫ್ರಾನ್ಸಿಸ್ ಅಲ್ಲಿನವನು. ಸಂತ ಕ್ಲಾರಾ ಅವನ ಮಾತು ಕೇಳಿ ಮನೆಬಿಟ್ಟು ಸನ್ಯಾಸಕ್ಕೆ ಬಂದ ಅದೇ ಊರಿನ ಹೆಣ್ಣುಮಗಳು. ಇನ್ನು ಲಾಸ್ ಏಂಜಲಿಸ್ ಅಂದರೆ ದೇವದೂತರು; 'ದೇವದೂತರ ರಾಣಿ' ಮೇರಿಯ ಪುಟ್ಟ ಗುಡಿ ಇದ್ದದ್ದು ಅಸ್ಸಿಸಿಯ ಕೆಳಗಿನ ಬಯಲಲ್ಲಿ. ಫ್ರಾನ್ಸಿಸ್ ತನ್ನ ಪಂಥ ಕಟ್ಟಿದ್ದು ಅಲ್ಲೇ. ಪಟ್ಟಿಯನ್ನು ಇನ್ನೂ ಮುಂದಕ್ಕೆ ಒಯ್ಯಿರಿ: ಸ್ಯಾನ್ ಡಿಯಾಗೊ, ಸ್ಯಾನ್ ಲೂಯಿಸ್ ಒಬಿಸ್ಪೊ, ವೆಂಚುರಾ ಅಂತ ನಾವು ಕರೆಯುವ ಸ್ಯಾನ್ ಬ್ಯುನವೆಂಚುರಾ, ಸ್ಯಾನ್ ಬರ್ನಾರ್ಡಿನೊ, ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊ. ಎಲ್ಲ ಫ್ರಾನ್ಸಿಸ್ಕನ್ ಪಂಥದ ಸಂತರು! ಇದು ಆಕಸ್ಮಿಕ ಅಲ್ಲ. ಕೆಳಗೆ, ಈಗ ಮೆಕ್ಸಿಕೋದಲ್ಲಿರುವ ಬಾಹಾ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಸ್ಯಾನ್ ಇಗ್ನಾಸಿಯೊ, ಸ್ಯಾನ್ ಹಾವಿಯೆರ್ ಸಿಗುತ್ತಾರೆ, ಅವರು ಜೆಸ್ಯೂಟರು, ಬೇರೊಂದು ಕ್ಯಾಥೊಲಿಕ್ ಪಂಥದವರು. ಸ್ಪೇನಿನ ದೊರೆ ಮೂರನೇ ಕಾರ್ಲೋಸ್ 1767ರಲ್ಲಿ ತನ್ನ ಸಾಮ್ರಾಜ್ಯದಿಂದಲೇ ಜೆಸ್ಯೂಟರನ್ನು ಓಡಿಸಿದ. ಎರಡು ವರ್ಷ ಬಿಟ್ಟು, 1769ರಲ್ಲಿ, ಮೇಲಿನ ಕ್ಯಾಲಿಫೋರ್ನಿಯಾಕ್ಕೆ ತಂಡ ಹೊರಟಾಗ ಜೊತೆಗಿದ್ದವರು ಹುನಿಪೆರೊ ಸೆರ್ರಾ ಮುಂದಾಳತ್ವದ ಫ್ರಾನ್ಸಿಸ್ಕನ್ನರು. ಮ್ಯಾಡ್ರಿಡ್‌ನಲ್ಲಿ ಆ ಒಂದು ಆಜ್ಞೆ ಹೊರಡದೇ ಇದ್ದಿದ್ದರೆ ನಿಮ್ಮಲ್ಲಿ ಎಷ್ಟೋ ಜನರ ಮನೆ ವಿಳಾಸ ಇವತ್ತು ಬೇರೆಯೇ ಇರುತ್ತಿತ್ತು.

ಈ ಸಂತರ ಗುಂಪಿನಲ್ಲಿ ನನಗೆ ಬಲು ಇಷ್ಟದವನು ಕ್ಯೂಪರ್ಟಿನೊದವನು. ಸಂತ ಜೋಸೆಫ್, ಇಟಲಿಯ ಕೊಪರ್ಟಿನೊ ಊರಿನವ. ಓದಿನಲ್ಲಿ ತೀರಾ ಹಿಂದೆ. ಪ್ರಾರ್ಥನೆಗೆ ಕೂತರೆ ನೆಲ ಬಿಟ್ಟು ಮೇಲೇಳುತ್ತಿದ್ದ ಅಂತ ಪ್ರತೀತಿ. ಹಾಗಾಗಿ ವಿಮಾನ ಹಾರಿಸುವವರಿಗೆ ಅವನು ರಕ್ಷಕ ಸಂತ. ಅಷ್ಟೇ ಅಲ್ಲ, ಪರೀಕ್ಷೆ ಬರೆಯುವ ವಿದ್ಯಾರ್ಥಿಗಳಿಗೂ ಅವನೇ. (ಇಲ್ಲಿ ಸಭೆಯಲ್ಲಿ ನಗು ಎದ್ದಿತು. ಕ್ಯೂಪರ್ಟಿನೊದ ಶಾಲೆಗಳಿಗೆ ಮಕ್ಕಳನ್ನು ಕಳಿಸುವವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.) 1776ರ ಮಾರ್ಚಿನಲ್ಲಿ ಸ್ಪೇನಿನ ಸೇನಾಧಿಕಾರಿ ಹುವಾನ್ ಬಾಟಿಸ್ಟಾ ದೆ ಆನ್ಸಾನ ತಂಡ ಇಲ್ಲೊಂದು ಹಳ್ಳದ ದಡದಲ್ಲಿ ಬಿಡಾರ ಹೂಡಿತು. ತಂಡದ ಜೊತೆಗಿದ್ದ ಪಾದ್ರಿ ಪೆಡ್ರೊ ಫಾಂಟ್ ಆ ಹಳ್ಳಕ್ಕೆ ಸಂತನ ಹೆಸರಿಟ್ಟ. ಸಂತಪದವಿ ಸಿಕ್ಕಿ ಆಗಿನ್ನೂ ಒಂಬತ್ತು ವರ್ಷ. ಪಾದ್ರಿಗಳ ಬಾಯಲ್ಲಿ ಹೊಸ ಹೆಸರು ಅದು. ಆಮೇಲಿನ ತಮಾಷೆ ನೋಡಿ. ಹೆಸರು ಇಟ್ಟದ್ದು ಹಳ್ಳಕ್ಕೆ, ಇವತ್ತು ಆ ಹಳ್ಳ ಸ್ಟೀವನ್ಸ್ ಕ್ರೀಕ್. ವೆಸ್ಟ್ ಸೈಡ್ ಅಂತ ಕರೆಸಿಕೊಳ್ಳುತ್ತಿದ್ದ ಪಕ್ಕದ ಹಳ್ಳಿ ಆ ಸಂತನ ಹೆಸರನ್ನು ಎತ್ತಿಕೊಂಡು ಕ್ಯೂಪರ್ಟಿನೊ ಆಯಿತು.

ಇನ್ನು ರಾಜ್ಯದ ಹೆಸರಿಗೆ ಬರೋಣ. ಕ್ಯಾಲಿಫೋರ್ನಿಯಾ ಬಂದದ್ದು ಒಂದು ಕಟ್ಟುಕತೆಯಿಂದ. 1510ರ ಸುಮಾರಿಗೆ ಸ್ಪೇನಿನಲ್ಲಿ ಗಾರ್ಸಿ ರೊಡ್ರಿಗೆಸ್ ದೆ ಮೊಂತಾಲ್ವೊ ಎಂಬಾತನ ವೀರಕಥೆಯೊಂದು ಅಚ್ಚಾಯಿತು. ಅದರಲ್ಲಿ 'ಇಂಡೀಸ್‌ನ ಬಲಗಡೆಗೆ' ಕ್ಯಾಲಿಫೋರ್ನಿಯಾ ಅಂತ ಒಂದು ದ್ವೀಪ. ಇರುವವರೆಲ್ಲ ಕಪ್ಪು ಹೆಂಗಸರು, ಗಂಡಸರೇ ಇಲ್ಲ. ರಾಣಿ ಕಾಲಾಫಿಯಾ. ಚಿನ್ನ ಬಿಟ್ಟರೆ ಬೇರೆ ಲೋಹವೇ ಇಲ್ಲ, ಆಯುಧಗಳೂ ಚಿನ್ನದವೇ. ಎರ್ನಾನ್ ಕೊರ್ಟೆಸ್ 1535ರಲ್ಲಿ ಬಾಹಾದ ತುದಿಯಲ್ಲಿ ಇಳಿದ. ಅದನ್ನು ದ್ವೀಪವೆಂದೇ ತಿಳಿದರು, ಕೆಲವೇ ವರ್ಷಗಳಲ್ಲಿ ಕತೆಯ ದ್ವೀಪದ ಹೆಸರು ಅದಕ್ಕೆ ಅಂಟಿಕೊಂಡಿತು. ಆ ಬರಡು ನೆಲ ನೋಡಿ ಗೇಲಿಗೆ ಕರೆದದ್ದೋ, ಆಸೆಗೆ ಕರೆದದ್ದೋ ಎಂದು ವಾದ ಇದೆ. ನನ್ನ ಮನಸ್ಸು ಗೇಲಿಯ ಕಡೆಗೆ ವಾಲುತ್ತದೆ. 1539ರಲ್ಲೇ ಫ್ರಾನ್ಸಿಸ್ಕೊ ದೆ ಉಯೋವಾ ಕೊಲ್ಲಿಯ ತುದಿಯವರೆಗೆ ಹಡಗು ನಡೆಸಿ, ಇದು ದ್ವೀಪವಲ್ಲ, ಪರ್ಯಾಯದ್ವೀಪ ಅಂತ ಕಂಡುಕೊಂಡಿದ್ದ. ಆದರೂ 17ನೇ ಶತಮಾನದ ನಕ್ಷೆ ಬರೆಯುವವರು ಮತ್ತೆ ದ್ವೀಪವನ್ನೇ ಬರೆದರು. ಕೊನೆಗೆ 1747ರಲ್ಲಿ ದೊರೆ ಆರನೇ ಫರ್ಡಿನೆಂಡ್ 'ಕ್ಯಾಲಿಫೋರ್ನಿಯಾ ದ್ವೀಪವಲ್ಲ' ಎಂದು ರಾಜಾಜ್ಞೆ ಹೊರಡಿಸಬೇಕಾಯಿತು. ಹೆಸರಿನ ಮೂಲ ಮಾತ್ರ ಎಲ್ಲರಿಗೂ ಮರೆತೇ ಹೋಗಿತ್ತು. 1862ರಲ್ಲಿ ಅಮೆರಿಕದ ಲೇಖಕ ಎಡ್ವರ್ಡ್ ಎವರೆಟ್ ಹೇಲ್ ಆ ಹಳೆಯ ಕತೆಯನ್ನು ಓದಿ ಪತ್ತೆ ಹಚ್ಚಿದ ಮೇಲೆ ಮತ್ತೆ ಬೆಳಕಿಗೆ ಬಂತು.

ಪಾದ್ರಿಗಳು ಹೆಸರಿಡುತ್ತಿದ್ದ ವಿಧಾನ ಸರಳ. ಕೈಯಲ್ಲಿ ಸಂತರ ಪಂಚಾಂಗ. ಇವತ್ತು ಯಾವ ಸಂತನ ದಿನ? ಆ ಜಾಗಕ್ಕೆ ಅವನೇ. ಪಶ್ಚಿಮ ಕರಾವಳಿಗೆ ಹೋಲಿಸಿದರೆ ಫ್ಲಾರಿಡಾ ಹಳೆಯದು. 1513ರಲ್ಲಿ ಈಸ್ಟರ್ ಸಮಯಕ್ಕೆ, ಸ್ಪ್ಯಾನಿಷಿನಲ್ಲಿ 'ಪಾಸ್ಕ್ವಾ ಫ್ಲೊರಿಡಾ' ಅನ್ನುವ ಹೂವಿನ ಹಬ್ಬದ ಹೊತ್ತಿಗೆ, ಹುವಾನ್ ಪೊನ್ಸೆ ದೆ ಲಿಯೋನ್ ಕಂಡದ್ದಕ್ಕೆ ಆ ಹೆಸರು. ಪೆಡ್ರೊ ಮೆನೆಂದೆಸ್ ದೆ ಅವಿಲೆಸ್ 1565ರ ಆಗಸ್ಟ್ 28ಕ್ಕೆ, ಸಂತ ಅಗಸ್ಟೀನನ ದಿನ, ಅದೇ ಕರಾವಳಿಯನ್ನು ಕಂಡ. ಸೇಂಟ್ ಅಗಸ್ಟೀನ್ ಆಯಿತು. ಯುರೋಪಿನವರು ಕಟ್ಟಿ, ಜನವಸತಿ ಎಂದೂ ನಿಲ್ಲದೆ ಉಳಿದ ಊರುಗಳಲ್ಲಿ ಈ ದೇಶದ ಮುಖ್ಯ ಭೂಭಾಗದಲ್ಲಿ ಅದೇ ಹಳೆಯದು. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ 1691ರ ಜೂನ್ 13, ಪಡುವಾದ ಸಂತ ಅಂತೋಣಿಯ ದಿನ.

ಆದರೆ ಈ ಲೆಕ್ಕಾಚಾರವನ್ನು ಕಣ್ಣಾರೆ ನೋಡಬೇಕಾದರೆ ಸೆಬಾಸ್ಟಿಯಾನ್ ವಿಸ್ಕಾಯಿನೊನ 1602ರ ಯಾನ ನೋಡಬೇಕು. ನವೆಂಬರ್ 12, ಅಲ್ಕಲಾದ ಸಂತ ಡಿಯಾಗೊನ ದಿನ. ಅವನ ಹಡಗಿನ ಹೆಸರೂ ಸ್ಯಾನ್ ಡಿಯಾಗೊ. ಕೊಲ್ಲಿಗೆ ಆ ಹೆಸರು ಬಿತ್ತು. ಅರವತ್ತು ವರ್ಷ ಹಿಂದೆ, 1542ರಲ್ಲಿ, ಹುವಾನ್ ರೊಡ್ರಿಗೆಸ್ ಕಬ್ರಿಯೊ ಅದೇ ಕೊಲ್ಲಿಗೆ ಸ್ಯಾನ್ ಮಿಗೆಲ್ ಅಂತ ಇಟ್ಟಿದ್ದ, ಅದು ಅಳಿಸಿಹೋಯಿತು. ಕಬ್ರಿಯೊ ಬಂದದ್ದು ಸೆಪ್ಟೆಂಬರ್ 28ಕ್ಕೆ, ಸಂತ ಮೈಕೇಲನ ಹಬ್ಬದ ಹಿಂದಿನ ದಿನ. ಅಂದರೆ ಒಂದೇ ಕೊಲ್ಲಿಗೆ ಸೆಪ್ಟೆಂಬರಿನಲ್ಲಿ ಬಂದವನು ಒಂದು ಹೆಸರು ಇಟ್ಟ, ನವೆಂಬರಿನಲ್ಲಿ ಬಂದವನು ಇನ್ನೊಂದು! ವಿಸ್ಕಾಯಿನೊ ಹಾಗೇ ಉತ್ತರಕ್ಕೆ ಹೊರಟ. ನವೆಂಬರ್ 25 ಸಂತ ಕ್ಯಾಥರೀನಳ ದಿನ, ಸ್ಯಾಂಟಾ ಕ್ಯಾಟಲೀನಾ ದ್ವೀಪ. ಡಿಸೆಂಬರ್ 4, ಸ್ಯಾಂಟಾ ಬಾರ್ಬರಾ. ಡಿಸೆಂಬರ್ 8, ಮೇರಿಯ ನಿಷ್ಕಳಂಕ ಗರ್ಭಧಾರಣೆಯ ಹಬ್ಬ, ಪಾಯಿಂಟ್ ಕನ್ಸೆಪ್ಶನ್. ಜನವರಿ ಹೊಸ್ತಿಲಿಗೆ ಬಂದಾಗ ಆನ್ಯೊ ನ್ಯುಯೆವೊ, ಹೊಸ ವರ್ಷ. ಈಗ ಚಳಿಗಾಲದಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಕಡಲಾನೆಗಳನ್ನು ನೋಡಲು ಹೋಗುತ್ತೇವಲ್ಲ, ಅದೇ ಜಾಗ. ನಕ್ಷೆಯ ಮೇಲೆ ಕೆಳಗಿಂದ ಮೇಲಕ್ಕೆ ಬೆರಳಾಡಿಸಿದರೆ ತಿಂಗಳುಗಳು ಸರಿಯುತ್ತವೆ. ನಡುವೆ ಒಂದು ಹೆಸರು ಮಾತ್ರ ಪಂಚಾಂಗದ್ದಲ್ಲ: ಮಾಂಟೆರೇ. ಅದು ಯಾನಕ್ಕೆ ಕಳಿಸಿದ ವೈಸ್‌ರಾಯ್ ಮೊಂಟೆರ್ರೆ ಪ್ರಭುವಿನ ಹೆಸರು. ಮೇಲಧಿಕಾರಿಯನ್ನು ಸಂತೋಷಪಡಿಸುವ ಕಲೆ ಯಾವ ಶತಮಾನಕ್ಕೂ ಹೊಸದಲ್ಲ.

ಈಗ 1769ಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಸ್ಪೇನಿನ ಸೇನಾಧಿಕಾರಿ ಗಾಸ್ಪರ್ ದೆ ಪೊರ್ತೊಲಾ ಸ್ಯಾನ್ ಡಿಯಾಗೊದಿಂದ ಜುಲೈ 14ರಂದು ನೆಲದ ದಾರಿಯಲ್ಲಿ ಉತ್ತರಕ್ಕೆ ಹೊರಟ. ಜೊತೆಗೆ ಚರ್ಮದ ಅಂಗಿ ತೊಟ್ಟ ಸಿಪಾಯಿಗಳು, ಹೇಸರಗತ್ತೆ ಸಾಕುವವರು, ಬಾಹಾದ ಕ್ರೈಸ್ತ ಮೂಲನಿವಾಸಿಗಳು, ಮತ್ತು ದಿನಚರಿ ಬರೆಯುವ ಪಾದ್ರಿ ಹುವಾನ್ ಕ್ರೆಸ್ಪಿ. ಪ್ರತಿ ಬಿಡಾರಕ್ಕೂ ಕ್ರೆಸ್ಪಿ ಒಂದು ಹೆಸರು ಕೊಡುತ್ತಿದ್ದ. ಹೆಚ್ಚಿನವು ಸಂತರವು, ಉದ್ದುದ್ದದವು. ಸಿಪಾಯಿಗಳು ಅದೇ ಜಾಗಕ್ಕೆ ತಮ್ಮದೇ ಹೆಸರು ಕರೆಯುತ್ತಿದ್ದರು. ನಮ್ಮಲ್ಲಿ ಮಗುವಿಗೆ ನಾಮಕರಣದ ದಿನ ನಕ್ಷತ್ರದ ಹೆಸರು ಒಂದು ಕಿವಿಯಲ್ಲಿ ಹೇಳಿ, ಮನೆಯಲ್ಲಿ ಕೂಗಲಿಕ್ಕೆ ಇನ್ನೊಂದು ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಒಳ್ಳೆಯ ಸಂಗತಿ ಏನೆಂದರೆ, ಸಿಪಾಯಿಗಳು ಏನು ಕರೆಯುತ್ತಾರೆ ಅನ್ನುವುದನ್ನೂ ದಿನಚರಿಯಲ್ಲಿ ದಾಖಲಿಸಿದ್ದಾರೆ. ಆದ್ದರಿಂದ ಯಾವುದು ಗೆದ್ದಿತು ಅಂತ ನಾವು ನೋಡಬಹುದು.

ಆಗಸ್ಟ್ ನಡುವೆ ಇವತ್ತಿನ ಸ್ಯಾಂಟಾ ಬಾರ್ಬರಾಕ್ಕಿಂತ ಸ್ವಲ್ಪ ಕೆಳಗೆ ಸಮುದ್ರದ ಪಕ್ಕದ ಒಂದು ಹಳ್ಳಿ. ಚುಮಾಶ್ ಎಂಬ ಮೂಲನಿವಾಸಿ ಜನ ದೋಣಿ ಕಟ್ಟುತ್ತಿದ್ದಾರೆ. ಆ ದೋಣಿಗೆ ಅವರ ಭಾಷೆಯಲ್ಲಿ 'ತೊಮೋಲ್' ಅಂತ ಹೆಸರು. ಒಂದೇ ದಿಮ್ಮಿ ಕೊರೆದು ಮಾಡಿದ್ದಲ್ಲ. ಕಡಲು ತಂದೆಸೆದ ರೆಡ್‌ವುಡ್ ಮರವನ್ನು ಹಲಗೆ ಸೀಳಿ, ಅಂಚಿಗೆ ತೂತು ಕೊರೆದು, ನಾರಿನ ಹುರಿಯಿಂದ ಹಲಗೆಗೆ ಹಲಗೆ ಹೊಲಿದು, ಸಂದಿಗೆ ಡಾಂಬರು ಮೆತ್ತುತ್ತಿದ್ದರು. ಡಾಂಬರು ಎಲ್ಲಿಂದ? ಅಲ್ಲಿ ನೆಲದಿಂದಲೇ ಜಿನುಗುತ್ತದೆ. ಇವತ್ತೂ ಆ ಬೀಚಿಗೆ ಹೋದರೆ ಚಪ್ಪಲಿಗೆ ಹತ್ತುತ್ತದೆ. ಸಿಪಾಯಿಗಳು ಉಳಿ ಬಾಚಿಯ ಈ ಸಡಗರ ನೋಡಿ 'ಲಾ ಕಾರ್ಪಿಂತೆರಿಯಾ', ಬಡಗಿಯ ಕೊಟ್ಟಿಗೆ, ಅಂದರು. ಕ್ರೆಸ್ಪಿ ಇಟ್ಟದ್ದು ಸ್ಯಾನ್ ರೋಕೆ. ಇವತ್ತು ಊರು ಕಾರ್ಪಿಂಟೇರಿಯಾ. ವಾರ ಕಳೆದು ಮುಂದೊಂದು ಕಡೆ ಸಿಪಾಯಿಗಳು ಒಂದು ಕಡಲಕ್ಕಿ ಹೊಡೆದರು. ಕ್ರೆಸ್ಪಿ ಫ್ರಾನ್ಸಿನ ದೊರೆ ಸಂತ ಲೂಯಿಯ ಹೆಸರು ಬರೆದುಕೊಂಡ, ಸಿಪಾಯಿಗಳು 'ಗಾವಿಯೋತಾ' ಅಂದರು. ಹೆದ್ದಾರಿಯ ಫಲಕದಲ್ಲಿ ಇವತ್ತಿರುವುದು ಕಡಲಕ್ಕಿಯೇ. ಆಚೆ ಒಂದು ಹಳ್ಳಿಯ ಮುಖ್ಯಸ್ಥ ಕುಂಟ. ಸಿಪಾಯಿಗಳಿಗೆ ಅದು 'ಕೋಹೊ', ಕುಂಟ. ಕ್ರೆಸ್ಪಿಯ ಸಂತ ತೆರೇಸಾ ಅಲ್ಲೂ ಸೋತಳು. ಬಡಕಲು ಕರಡಿಯೊಂದನ್ನು ಕೊಂದ ಜಾಗ ಓಸೊ ಫ್ಲಾಕೊ, ಈಗಲೂ ಆ ಹೆಸರಿನ ಸರೋವರ ಇದೆ. ಕರಡಿ ಹಿಂಡು ಕಂಡ ಕಣಿವೆ ಲಾಸ್ ಓಸೋಸ್. ವಾಟ್ಸನ್‌ವಿಲ್ ಬಳಿಯ ಹೊಳೆಯ ಹತ್ತಿರ ಹುಲ್ಲು ತುಂಬಿಸಿ ಇಟ್ಟಿದ್ದ ದೊಡ್ಡದೊಂದು ಹಕ್ಕಿ ಸಿಕ್ಕಿತು. ಅಲ್ಲಿಯ ಜನ ಯಾವ ಆಚರಣೆಗೆ ಇಟ್ಟುಕೊಂಡಿದ್ದರೋ, ಹೆದರಿ ಬಿಟ್ಟು ಹೋಗಿದ್ದರು. ಹೊಳೆ ಪಾಹರೊ ಆಯಿತು, ಹಕ್ಕಿ.

ಕ್ರೆಸ್ಪಿ ಎಲ್ಲ ಕಡೆ ಸೋತನೇ? ಇಲ್ಲ. ಜುಲೈ 28ರಂದು ಒಂದು ನದಿಯ ದಡದಲ್ಲಿ ಭೂಮಿ ನಡುಗಿತು, ಅದೂ ಒಂದು ಸಲ ಅಲ್ಲ. ಕ್ಯಾಲಿಫೋರ್ನಿಯಾದ ಭೂಕಂಪಗಳಲ್ಲಿ ಬರಹಕ್ಕೆ ಸಿಕ್ಕಿದ ಮೊದಲನೆಯದು ಅದೇ. ಕ್ರೆಸ್ಪಿ ನದಿಗೆ 'ನಡುಕಗಳ ಯೇಸುವಿನ ಅತಿ ಮಧುರ ನಾಮ' ಅಂತ ಇಟ್ಟ. ಯಾರ ನಾಲಗೆಗೂ ಅದು ಕೂರಲಿಲ್ಲ. ಸಿಪಾಯಿಗಳ ಬಾಯಲ್ಲಿ ಸ್ಯಾಂಟಾ ಆನಾ ಆಗಿ ಉಳಿಯಿತು. ಆದರೆ ಐದು ದಿನ ಬಿಟ್ಟು, ಆಗಸ್ಟ್ 2ರಂದು, ಇನ್ನೊಂದು ನದಿ. ಅಸ್ಸಿಸಿಯ ಆ ಪುಟ್ಟ ಗುಡಿಯ ಹೆಸರು ಪೊರ್ಸಿಯುಂಕುಲಾ, ಅದರ ಹಬ್ಬದ ದಿನ ಅದು. ನದಿಗೆ 'ಪೊರ್ಸಿಯುಂಕುಲಾದ ದೇವದೂತರ ನಮ್ಮಮ್ಮ' ಎಂದಾಯಿತು. 1781ರ ಸೆಪ್ಟೆಂಬರ್ 4ಕ್ಕೆ ಗವರ್ನರ್ ಫೆಲಿಪೆ ದೆ ನೆವೆ ಅದರ ದಡದಲ್ಲಿ ಊರು ಕಟ್ಟಿಸಿದಾಗ ಆ ದೇವದೂತರೇ ಊರಿಗೂ ಬಂದರು. ಬಂದು ನೆಲೆಸಿದವರು 44 ಜನ, 11 ಸಂಸಾರ. ಜನಗಣತಿಯಲ್ಲಿ ಸ್ಪೇನಿನವರು ಎಂದು ಬರೆಸಿದ ಗಂಡಸರು ಇಬ್ಬರೇ. ಉಳಿದವರು ಆಫ್ರಿಕನ್, ಮೂಲನಿವಾಸಿ, ಮಿಶ್ರ ಮನೆತನದವರು.

ಆ ಜಾಗದಲ್ಲಿ ಮೊದಲೇ ಯಾಂಗಾ ಎಂಬ ಹಳ್ಳಿ ಇತ್ತು, ಟೋಂಗ್ವಾ ಜನರದ್ದು. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಖಾಲಿ ನೆಲಕ್ಕೆ ಯಾರೂ ಹೆಸರಿಡಲಿಲ್ಲ; ಹೆಸರಿದ್ದ ನೆಲಕ್ಕೆ ಮತ್ತೊಂದು ಹೊದಿಸಿದರು. 1769ರಿಂದ 1823ರ ತನಕ 21 ಮಿಷನ್‌ಗಳು, ಅಂದರೆ ಪಾದ್ರಿಗಳ ಧರ್ಮಪ್ರಚಾರದ ನೆಲೆಗಳು, ಎದ್ದವು. ಅಲ್ಲಿಗೆ ಸೇರಿಸಿದ ಜನ ದಡಾರ, ಸಿಡುಬಿನಂಥ ಹೊರಗಿನ ರೋಗಗಳಿಗೂ ಬಲವಂತದ ದುಡಿಮೆಗೂ ಸಿಕ್ಕಿ ಸಾವಿರಗಟ್ಟಲೆ ಸತ್ತರು. ಹಳ್ಳಿಗಳು ಬರಿದಾದವು. ಎಷ್ಟೋ ಹಳ್ಳಿಗಳ ಹೆಸರು ಇವತ್ತು ನಮಗೆ ತಿಳಿದಿರುವುದು ಅದೇ ಪಾದ್ರಿಗಳ ದೀಕ್ಷಾಸ್ನಾನದ ದಫ್ತರದಿಂದ. ಯಾವ ಹಳ್ಳಿಯಿಂದ ಬಂದವನು ಎಂದು ಅವರು ಬರೆದಿಡುತ್ತಿದ್ದರು. ಕೆಲವು ಸ್ಪ್ಯಾನಿಷ್ ವೇಷ ತೊಟ್ಟು ಉಳಿದುಕೊಂಡಿವೆ. ಮಾಲಿಬು ಚುಮಾಶ್ ಹೆಸರು. ಟೆಕ್ಸಾಸ್ ಸ್ಪ್ಯಾನಿಷ್ ಅಲ್ಲ, ಕ್ಯಾಡೊ ಜನರ 'ಗೆಳೆಯ' ಎಂಬ ಮಾತು ಸ್ಪ್ಯಾನಿಷ್ ಕಿವಿಯಲ್ಲಿ 'ತೇಹಾಸ್' ಆದದ್ದು.

1821ಕ್ಕೆ ಮೆಕ್ಸಿಕೋ ಸ್ವತಂತ್ರವಾಯಿತು. ಮುಂದಿನ ಕಾಲು ಶತಮಾನ ಕ್ಯಾಲಿಫೋರ್ನಿಯಾ ಮೆಕ್ಸಿಕೋದ್ದು. ಈ ಕಾಲವನ್ನು ನಾವು ಸುಮ್ಮನೆ 'ಸ್ಪ್ಯಾನಿಷ್' ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ, ತಪ್ಪು. ಸರ್ಕಾರ ದನ ಮೇಯಿಸುವವರಿಗೆ ರಾಂಚೊಗಳೆಂದು ದೊಡ್ಡ ದೊಡ್ಡ ಜಮೀನು ಹಂಚಿದ್ದು ಹೆಚ್ಚಾಗಿ ಮೆಕ್ಸಿಕೋ ಕಾಲದಲ್ಲಿ. ಮಿಲ್ಪಿಟಾಸ್ 1835ರ ರಾಂಚೊ. 'ಮಿಲ್ಪಾ' ಮೂಲತಃ ಸ್ಪೇನಿನದೂ ಅಲ್ಲ, ಆಸ್ಟೆಕರ ನಹುವಾಟ್ಲ್ ಭಾಷೆಯದು. ಲಾಸ್ ಗಾಟೋಸ್ 1839ರದು. ಆ ಬೆಕ್ಕುಗಳು ಮನೆಯವಲ್ಲ, ಗುಡ್ಡದ ಕಾಡುಬೆಕ್ಕುಗಳು. ಇಲ್ಲಿನ ಅಲ್ಮಡೆನ್ ಎಕ್ಸ್‌ಪ್ರೆಸ್‌ವೇ ದಿನಾ ಓಡಾಡುವವರು ಇದ್ದೀರಿ. ಬೆಟ್ಟದಲ್ಲಿ 1845ರಲ್ಲಿ ಪಾದರಸದ ಅದಿರು ಗುರುತಿಸಿದ ಮೇಲೆ ಸ್ಪೇನಿನ ಹೆಸರಾಂತ ಪಾದರಸದ ಊರಾದ ಅಲ್ಮಡೆನ್ ಹೆಸರನ್ನು ಇಲ್ಲಿಗೆ ತಂದರು. ಅಲ್ಲಿಯದಕ್ಕೆ ಆ ಹೆಸರು ಬಂದದ್ದು ಅರಬ್ಬಿಯಿಂದ, ಅಲ್-ಮಅದಿನ್, ಗಣಿ. ಸ್ಪೇನಿನಲ್ಲಿ ಮುಸ್ಲಿಮರು ಆಳಿದ ಶತಮಾನಗಳ ಕುರುಹು ಸ್ಯಾನ್ ಹೊಸೆಯ ಎಕ್ಸಿಟ್ ಬೋರ್ಡಿನ ಮೇಲೆ ಕೂತಿದೆ.

1846ರಲ್ಲಿ ಅಮೆರಿಕ ಯುದ್ಧ ಹೂಡಿತು. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ನೆಲದ ಅರ್ಧಕ್ಕೂ ಹೆಚ್ಚನ್ನು ಕಳೆದುಕೊಂಡಿತು. ಇಲ್ಲಿಂದ ಮುಂದೆ ಸ್ಪ್ಯಾನಿಷ್ ಹೆಸರುಗಳು ನಿಂತುಹೋಗಬೇಕಿತ್ತಲ್ಲ? ಹೆಚ್ಚಾದವು!

ಸ್ಯಾನ್ ಫ್ರಾನ್ಸಿಸ್ಕೊ ಊರಿನದನ್ನೇ ನೋಡಿ. 1776ರಲ್ಲಿ ಮಿಷನ್ನಿಗೆ ಆ ಹೆಸರು ಬಂದಿತ್ತು, ಕೊಲ್ಲಿಗೂ ಇತ್ತು, ನಿಜ. ಆದರೆ ಹಡಗುಗಳು ನಿಲ್ಲುವ ದಡದಲ್ಲಿ ಬೆಳೆದ ಪುಟ್ಟ ಊರಿನ ಹೆಸರು ಯೆರ್ಬಾ ಬ್ಯುಯೆನಾ, ಅಲ್ಲಿ ನೆಲಕ್ಕೆ ಹಬ್ಬುತ್ತಿದ್ದ ಪುದೀನದಂಥ ಗಿಡದ್ದು. ಯುದ್ಧದ ಹೊತ್ತಿನಲ್ಲಿ ರಾಬರ್ಟ್ ಸೆಂಪಲ್ ಎಂಬವನು ದೊಡ್ಡ ಜಮೀನ್ದಾರ ಮರಿಯಾನೊ ವಯೆಹೊನಿಂದ ಕೊಲ್ಲಿಯ ಆ ಬದಿ ಕಾರ್ಕೀನೆಸ್ ಜಲಸಂಧಿಯ ದಡದಲ್ಲಿ ಜಾಗ ಪಡೆದು ಹೊಸ ಬಂದರು ಊರು ಕಟ್ಟಲು ಹೊರಟ. ವಯೆಹೊನ ಹೆಂಡತಿ ಫ್ರಾನ್ಸಿಸ್ಕಾ ಬೆನಿಸಿಯಾ. ಊರಿಗೆ ಫ್ರಾನ್ಸಿಸ್ಕಾ ಎಂದು ಇಡುವುದೆಂದಾಯಿತು. ಸುದ್ದಿ ಕೇಳಿ ಯೆರ್ಬಾ ಬ್ಯುಯೆನಾದವರಿಗೆ ಎದೆ ಧಸಕ್ಕೆಂದಿತು. ಜಗತ್ತಿನ ನಕ್ಷೆಯಲ್ಲಿ ಕೊಲ್ಲಿಯ ಹೆಸರು ಸ್ಯಾನ್ ಫ್ರಾನ್ಸಿಸ್ಕೊ. ದೂರದಿಂದ ಬರುವ ಹಡಗಿನ ಕಪ್ತಾನ ಫ್ರಾನ್ಸಿಸ್ಕಾ ಅನ್ನುವ ಊರನ್ನೇ ಮುಖ್ಯ ಬಂದರು ಅಂದುಕೊಂಡು ಅಲ್ಲಿಗೇ ಹೋಗಿಬಿಟ್ಟರೆ? ಊರಿನ ಅಲ್ಕಾಲ್ದೆ, ಅಂದರೆ ಮ್ಯಾಜಿಸ್ಟ್ರೇಟು ಆಗಿದ್ದ ಅಮೆರಿಕದ ನೌಕಾದಳದ ವಾಷಿಂಗ್ಟನ್ ಬಾರ್ಟ್‌ಲೆಟ್ 1847ರ ಜನವರಿ 30ಕ್ಕೆ ಆಜ್ಞೆ ಹೊರಡಿಸಿದ: ಇನ್ನು ಮೇಲೆ ಈ ಊರು ಸ್ಯಾನ್ ಫ್ರಾನ್ಸಿಸ್ಕೊ. ಸೆಂಪಲ್ ಕೈಕೈ ಹಿಸುಕಿಕೊಂಡ, ಬೇರೆ ದಾರಿ ಇಲ್ಲದೆ ತನ್ನ ಊರಿಗೆ ಆಕೆಯ ಎರಡನೇ ಹೆಸರು ಇಟ್ಟ. ಅದೇ ಇವತ್ತಿನ ಬೆನಿಸಿಯಾ. ಮುಂದಿನ ವರ್ಷವೇ ಚಿನ್ನ ಸಿಕ್ಕಿತು, ಜಗತ್ತೆಲ್ಲ ನುಗ್ಗಿತು, ಯಾವ ಊರಿಗೆ ನುಗ್ಗಿತು ಎಂದು ಹೇಳಬೇಕಾಗಿಲ್ಲ. ಜಗತ್ಪ್ರಸಿದ್ಧ ಸ್ಪ್ಯಾನಿಷ್ ಹೆಸರೊಂದು ಊರಿನ ತಲೆ ಮೇಲೆ ಕೂತದ್ದು ಅಮೆರಿಕನ್ ಅಧಿಕಾರಿಯೊಬ್ಬನ ವ್ಯಾಪಾರಿ ಚುರುಕಿನಿಂದ. ಬೆನಿಸಿಯಾಕ್ಕೆ ಸಮಾಧಾನದ ಬಹುಮಾನದಂತೆ 1853ರಲ್ಲಿ ರಾಜ್ಯದ ರಾಜಧಾನಿ ಪಟ್ಟ ಸಿಕ್ಕಿತು, ಮರುವರ್ಷ ಅದೂ ಹೋಯಿತು.

ಅಯೋವಾ ರಾಜ್ಯಕ್ಕೆ ಸ್ಪೇನಿನ ಪಾದ್ರಿಯೂ ಹೋಗಲಿಲ್ಲ, ಮೆಕ್ಸಿಕೋದ ದನಗಾಹಿಯೂ ಹೋಗಲಿಲ್ಲ. ಆದರೂ ಅಲ್ಲಿ ಬ್ಯುಯೆನಾ ವಿಸ್ಟಾ, ಸೆರ್ರೊ ಗೋರ್ಡೊ, ಪಾಲೊ ಆಲ್ಟೊ ಅಂತ ಮೂರು ಕೌಂಟಿಗಳಿವೆ. ಮೂರೂ ಮೆಕ್ಸಿಕೋ ಯುದ್ಧದಲ್ಲಿ ಅಮೆರಿಕ ಗೆದ್ದ ಕಾಳಗಗಳು. ನಮ್ಮ ಪಾಲೊ ಆಲ್ಟೊಗೂ ಅದಕ್ಕೂ ನಂಟಿಲ್ಲ. ನಮ್ಮದು ಸ್ಯಾನ್ ಫ್ರಾನ್ಸಿಸ್ಕಿಟೊ ಹಳ್ಳದ ಪಕ್ಕ ಇನ್ನೂ ನಿಂತಿರುವ ಸಾವಿರ ವರ್ಷದ ರೆಡ್‌ವುಡ್ ಮರದ್ದು, ಪೊರ್ತೊಲಾನ ತಂಡ ಅದರ ಹತ್ತಿರ ಬಿಡಾರ ಮಾಡಿತ್ತು. ಒಂದೇ ಹೆಸರು, ಒಂದು ಕಡೆ ಮರ, ಇನ್ನೊಂದು ಕಡೆ ಫಿರಂಗಿ.

ನೆವಾಡಾಕ್ಕೆ ಉತ್ತರ ಬಾಕಿ ಇಟ್ಟಿದ್ದೆ. ಕ್ಯೂಪರ್ಟಿನೊದ ಹಳ್ಳಕ್ಕೆ ಹೆಸರಿಟ್ಟ ಅದೇ ಪಾದ್ರಿ ಫಾಂಟ್ ಕೆಲವೇ ದಿನಗಳ ನಂತರ ಪೂರ್ವ ದಿಕ್ಕಿಗೆ ಕಂಡದ್ದನ್ನು 'ಹಿಮ ಮುಚ್ಚಿದ ದೊಡ್ಡ ಬೆಟ್ಟಸಾಲು' ಎಂದು ಬರೆದ: ಸಿಯೆರ್ರಾ ನೆವಾಡಾ. ಅದು ವರ್ಣನೆ, ಆಮೇಲೆ ಅದೇ ಹೆಸರಾಯಿತು. 1859ರಲ್ಲಿ ಆ ಬೆಟ್ಟದ ಆಚೆ ಮಗ್ಗುಲಿನ ಮರುಭೂಮಿಯಲ್ಲಿ ಬೆಳ್ಳಿ ಸಿಕ್ಕಿ ಜನ ಸೇರಿದರು. 1861ರಲ್ಲಿ ಕಾಂಗ್ರೆಸ್ ಅದನ್ನು ಯೂಟಾದಿಂದ ಬೇರ್ಪಡಿಸುವಾಗ ಬೆಟ್ಟವನ್ನು ಬಿಟ್ಟು ವಿಶೇಷಣವನ್ನಷ್ಟೇ ಕಿತ್ತು ತಂದಿತು. ಬೆಟ್ಟದ ಬಹುಭಾಗವೂ ಹಿಮವೂ ಕ್ಯಾಲಿಫೋರ್ನಿಯಾದಲ್ಲೇ ಉಳಿದವು, ಹಿಮದ ಹೆಸರು ಮಾತ್ರ ಮರುಭೂಮಿಗೆ ಹೋಯಿತು.

ಅದೇ ವರ್ಷ ಕೊಲರಾಡೊ, ಇನ್ನೂ ಸೊಗಸು. ಕೊಲರಾಡೊ ಅಂದರೆ ಕೆಂಪು ಬಣ್ಣದ್ದು, ಕೆಸರು ತುಂಬಿದ ನದಿಯ ಹೆಸರು. ಆಗಿನ ನಕ್ಷೆ ಪ್ರಕಾರ ಕೊಲರಾಡೊ ನದಿ ಕೊಲರಾಡೊದಲ್ಲಿ ಹರಿಯುತ್ತಿರಲೇ ಇಲ್ಲ! ಮೇಲಿನ ಭಾಗಕ್ಕೆ ಗ್ರ್ಯಾಂಡ್ ನದಿ ಅನ್ನುತ್ತಿದ್ದರು. ಯೂಟಾದಲ್ಲಿ ಗ್ರೀನ್ ನದಿ ಬಂದು ಕೂಡಿದ ಮೇಲೆ ಕೊಲರಾಡೊ. ಅರವತ್ತು ವರ್ಷ ಹೀಗೇ ಇತ್ತು. ಕಾಂಗ್ರೆಸ್ ಸದಸ್ಯ ಎಡ್ವರ್ಡ್ ಟೇಲರ್ ಪಟ್ಟು ಹಿಡಿದು 1921ರಲ್ಲಿ ಗ್ರ್ಯಾಂಡ್ ನದಿಯ ಹೆಸರನ್ನೇ ಕೊಲರಾಡೊ ಎಂದು ಬದಲಿಸಿದ. ರಾಜ್ಯಕ್ಕೆ ನದಿಯ ಹೆಸರು ಇಟ್ಟು, ಆಮೇಲೆ ನದಿಯನ್ನು ರಾಜ್ಯದೊಳಕ್ಕೆ ಎಳೆದು ತಂದದ್ದು! ಗ್ರ್ಯಾಂಡ್ ಜಂಕ್ಷನ್ ಊರು ಮಾತ್ರ ಹಳೆಯ ನದಿಯ ಹೆಸರಲ್ಲೇ ಇದೆ. ಮೊಂಟಾನಾದ ಬಗ್ಗೆ ಒಂದೇ ಮಾತು: 1864ರಲ್ಲಿ ಆ ಹೆಸರನ್ನು ಮುಂದೆ ತಂದವನು ಒಹಾಯೊದ ಜೇಮ್ಸ್ ಆಶ್ಲೇ. ಸ್ಪೇನಿನ ಒಂದು ಹಳ್ಳಿಯೂ ಆ ನೆಲದಲ್ಲಿ ಇರಲಿಲ್ಲ.

ಇಂಗ್ಲಿಷ್ ನಾಲಗೆಗೆ ಸಿಕ್ಕು ರೂಪ ಕೆಟ್ಟ ಹೆಸರುಗಳೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಫ್ಲಾರಿಡಾದ ತುದಿಯ ಕೀ ವೆಸ್ಟ್‌ಗೆ ಪಶ್ಚಿಮದ ಸಂಬಂಧವಿಲ್ಲ. 'ಕಾಯೊ ಯುಯೆಸೊ', ಮೂಳೆಗಳ ದ್ವೀಪ; ಯುಯೆಸೊ ಎಂಬುದು ವೆಸ್ಟ್ ಎಂದು ಕೇಳಿಸಿತು. ಕೊಲರಾಡೊದಲ್ಲಿ ಒಂದು ನದಿಗೆ ಸ್ಪ್ಯಾನಿಷಿನಲ್ಲಿ 'ಶುದ್ಧೀಕರಣ ಲೋಕದಲ್ಲಿ ಕಳೆದುಹೋದ ಆತ್ಮಗಳ ನದಿ' ಎಂಬ ಭಾರವಾದ ಹೆಸರು. ಫ್ರೆಂಚ್ ಬೇಟೆಗಾರರು ಅದನ್ನು 'ಪರ್ಗತ್ವಾರ್' ಮಾಡಿದರು. ದನ ಕಾಯುವವರ ಬಾಯಲ್ಲಿ ಅದು 'ಪಿಕೆಟ್‌ವೈರ್' ಆಯಿತು. ಆಲ್ಬಕರ್ಕಿ 1706ರಲ್ಲಿ ಹುಟ್ಟಿದಾಗ ಆಲ್ಬುರ್ಕೆರ್ಕೆ, ವೈಸ್‌ರಾಯ್ ಆಗಿದ್ದ ಡ್ಯೂಕನ ಹೆಸರು. ದಾರಿಯಲ್ಲಿ ಒಂದು 'ರ' ಬಿದ್ದುಹೋಯಿತು.

ನಾನು ಮಾತು ನಿಲ್ಲಿಸಿದ ಮೇಲೆ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಮೂರನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ಹಿರಿಯರು, "ಹಾಗಾದರೆ ಸರಿಯಾದ ಉಚ್ಚಾರಣೆ ಯಾವುದು?" ಎಂದರು. ಊರಿನವರು ಹೇಗೆ ಅನ್ನುತ್ತಾರೋ ಅದು, ಸಾರ್. ಕೊಲರಾಡೊದ ಬ್ಯುಯೆನಾ ವಿಸ್ಟಾ ಊರಲ್ಲಿ 'ಬ್ಯೂನ' ಅನ್ನದಿದ್ದರೆ ಹೊರಗಿನವರು ಅಂತ ಗೊತ್ತಾಗುತ್ತದೆ. ನೆವಾಡಾದವರ ಮುಂದೆ 'ನೆವಾಡಾ' ಎಂದು ಬಾಯಿ ಅಗಲಿಸಿದರೆ ಅವರು 'ನೆವ್ಯಾಡಾ' ಅಂತ ತಿದ್ದುತ್ತಾರೆ. ಲಾಸ್ ಏಂಜಲಿಸ್‌ನಲ್ಲಿ ನಡುವಣ ಅಕ್ಷರ 'ಗ'ವೋ 'ಜ'ವೋ ಎಂದು ದಶಕಗಳ ಕಾಲ ಜಗಳ ನಡೆದು, 1952ರಲ್ಲಿ ಮೇಯರ್ ಫ್ಲೆಚರ್ ಬೌರನ್ ಒಂದು ಪಂಚಾಯ್ತಿಯನ್ನೇ ಕೂರಿಸಿದರು. ಗೆದ್ದದ್ದು 'ಜ'. ಸ್ಪ್ಯಾನಿಷ್ ಮಾತಾಡುವವರು ಈಗಲೂ 'ಲೋಸ್ ಆಂಹೆಲೆಸ್' ಅನ್ನುತ್ತಾರೆ. ಅವರಿಗೆ ಯಾವ ಪಂಚಾಯ್ತಿಯೂ ಬೇಕಾಗಿಲ್ಲ.

ರಿಯಲ್ ಎಸ್ಟೇಟಿನಲ್ಲಿರುವ ಒಬ್ಬರು, "ಈಗಲೂ ಹೊಸ ಬಡಾವಣೆಗಳಿಗೆ ಸ್ಪ್ಯಾನಿಷ್ ಹೆಸರು ಇಡುತ್ತಾರಲ್ಲ?" ಎಂದರು. ಇಡುತ್ತಾರೆ, ನೂರು ವರ್ಷದಿಂದ ಇಡುತ್ತಿದ್ದಾರೆ. ಪಕ್ಕದ ಲಾಸ್ ಆಲ್ಟೋಸ್ ಕೂಡ ಕಳೆದ ಶತಮಾನದ ಆರಂಭದಲ್ಲಿ ಜಮೀನು ಕಂಪನಿಯೊಂದು ಸೈಟು ಮಾಡುವಾಗ ಬಂದ ಹೆಸರೇ. ಅಸಲಿ ನಕಲಿ ಗುರುತಿಸಲು ಒಂದು ಉಪಾಯ ಇದೆ, ಪದಗಳ ಜೋಡಣೆ ನೋಡಿ. ರಿಯೊ ವಿಸ್ಟಾ, ಮಾರ್ ವಿಸ್ಟಾ. ನದಿ ನೋಟ, ಕಡಲ ನೋಟ. ಸ್ಪ್ಯಾನಿಷ್ ಮಾತಾಡುವವನು 'ವಿಸ್ಟಾ ದೆಲ್ ರಿಯೊ' ಅನ್ನುತ್ತಾನೆ. ಪದ ಸ್ಪ್ಯಾನಿಷ್, ವ್ಯಾಕರಣ ಇಂಗ್ಲಿಷ್ ಆಗಿದ್ದರೆ ಇಟ್ಟವನು ಯಾರೆಂದು ಊಹಿಸಿಕೊಳ್ಳಿ.

ಕಾಲೇಜು ಹುಡುಗಿಯೊಬ್ಬಳು ಕೇಳಿದ್ದು: "ಒಮ್ಮೆ ಹೋದ ಹೆಸರು ವಾಪಸ್ ಬಂದದ್ದು ಉಂಟಾ?" ಉಂಟು. ಫ್ಲಾರಿಡಾದ ಕೇಪ್ ಕನಾವೆರಲ್. ಕನ್ಯಾವೆರಲ್ ಅಂದರೆ ಜೊಂಡು ಬೆಳೆದ ಜಾಗ. 16ನೇ ಶತಮಾನದ ನಕ್ಷೆಗಳಲ್ಲೇ ಇರುವ ಹೆಸರು. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾದ ವಾರದೊಳಗೆ ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಆ ಭೂಶಿರಕ್ಕೆ ಕೇಪ್ ಕೆನಡಿ ಎಂದು ಹೆಸರು ಬದಲಿಸಿದರು. ಕೆನಡಿಯ ಮೇಲೆ ಅಲ್ಲಿಯ ಜನಕ್ಕೆ ಸಿಟ್ಟಿರಲಿಲ್ಲ, ನಾನ್ನೂರು ವರ್ಷದ ಹೆಸರು ಹೋಯಿತಲ್ಲ ಎಂಬ ಸಂಕಟ. ಹತ್ತು ವರ್ಷ ಬಿಡದೆ ಕೇಳಿದರು. 1973ರಲ್ಲಿ ಫ್ಲಾರಿಡಾದ ಶಾಸನಸಭೆ ಕಾನೂನು ಮಾಡಿ ಕನಾವೆರಲ್ ಎಂಬುದನ್ನೇ ಮತ್ತೆ ತಂದಿತು. ಬಾಹ್ಯಾಕಾಶ ಕೇಂದ್ರ ಕೆನಡಿಯ ಹೆಸರಲ್ಲೇ ಉಳಿಯಿತು, ಅದಕ್ಕೆ ಯಾರ ತಕರಾರೂ ಇರಲಿಲ್ಲ.